ಮಗ್ಗದ ಗುಂಡಿಯ ಹೊಗೆನೀರು

"ಒಂದು ತೊಟ್ಟು, ಒಂದೇ ಒಂದು ತೊಟ್ಟು ಕೆಡೋಕೆ ಬಿಟ್ಟರೆ ನನ್ನ ಹೆಸರು ಇಸ್ಮಾಯಿಲ್ ಅಲ್ಲ!"

ತಮಿಳುನಾಡಿನ ಪಲ್ಲಡಂನ ಲಾರಿ ಕಂಪನಿಯ ಶೆಡ್ಡಿನ ನಟ್ಟನಡುವೆ ನಿಂತು, ಮೊದಲಾಳಿ ಅಂದರೆ ಮಾಲೀಕ ಪೊನ್ನುಸಾಮಿಯವರ ಎದುರು ಎದೆ ತಟ್ಟಿಕೊಂಡು ಹೀಗೆ ಪ್ರತಿಜ್ಞೆ ಮಾಡಿದವನು ಹಿರಿಯೂರಿನ ಇಸ್ಮಾಯಿಲ್, ಆ ಕಂಪನಿಯ ವರ್ಕ್‌ಶಾಪ್ ಇನ್‌ಚಾರ್ಜ್. ಅಯ್ಯೋ, ಯಾರಾದರೂ ಕೈ ಹಿಡಿದು ತಡೆಯಬಾರದಿತ್ತೇ? ತಡೆಯುವುದಕ್ಕೆ ಆ ಊರಿನಲ್ಲಿ ಅವನಿಗೆ ಯಾರಿದ್ದರು ಹೇಳಿ!

ವಿಷಯ ಇಷ್ಟೇ. ಅದು ಎರಡು ಸಾವಿರದ ಒಂಬತ್ತರ ಬೇಸಿಗೆ. ಪೊನ್ನುಸಾಮಿಯವರು ಪರೀಕ್ಷೆಗೆಂದು ಒಂದು ವಿದೇಶಿ ಲಾರಿ ತರಿಸಿದ್ದರು. ನಮ್ಮ ಲಾರಿಗಳಂತೆ ಡೀಸೆಲ್ ಕುಡಿದು ಸುಮ್ಮನೆ ಓಡುವ ಜಾತಿಯಲ್ಲ ಅದು. ಪಕ್ಕದಲ್ಲಿ ಅದಕ್ಕೆ ಇನ್ನೊಂದು ಪುಟ್ಟ ಟ್ಯಾಂಕು. ಅದರೊಳಕ್ಕೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್ ಎಂಬ ದ್ರವ ಸುರಿಯಬೇಕು. ಅತಿ ಶುದ್ಧ ನೀರಿನಲ್ಲಿ ಯೂರಿಯಾ ಕರಗಿಸಿದ ಸರಕು, ನೋಡುವುದಕ್ಕೆ ಥೇಟ್ ನೀರು. ಅದು ಸೈಲೆನ್ಸರಿನೊಳಗೆ ಹೊಗೆಯ ಮೇಲೆ ಚಿಮ್ಮಿ, ಹೊಗೆಯ ಪಾಪವನ್ನೆಲ್ಲ ತೊಳೆದು ಹೊರಗೆ ಕಳಿಸುತ್ತದಂತೆ! ಇಸ್ಮಾಯಿಲ್ ಅದಕ್ಕೆ ಹೊಗೆನೀರು ಎಂದು ನಾಮಕರಣ ಮಾಡಿದ.

ಈ ಹೊಗೆನೀರಿಗೆ ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಬಂದ ಅಳಿಯನ ಉಪಚಾರ ಬೇಕು. ಬಿಸಿಲು ಬೀಳಬಾರದು, ಧೂಳು ಸೋಕಬಾರದು, ಸೆಕೆ ತಾಗಬಾರದು. ಕೆಟ್ಟ ಮಾಲು ಕುಡಿಸಿದರೆ ಲಾರಿಗೆ ಮುನಿಸು. ಮೊದಲು ಒಂದು ಹಳದಿ ದೀಪ ಹತ್ತಿಸುತ್ತದೆ, ಆಮೇಲೆ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಂಡು ತೆವಳುತ್ತದೆ. ಮೊದಲು ತರಿಸಿದ ಡಬ್ಬಗಳು ತಗಡಿನ ಶೆಡ್ಡಿನಲ್ಲಿ ಬೆಂದು ಹಾಳಾಗಿದ್ದವು. ಇನ್ನೊಂದು ಸಲ ಹೀಗಾದರೆ ಲಾರಿಯನ್ನೇ ವಾಪಸ್ ಕಳಿಸುವೆ ಎಂದು ಪೊನ್ನುಸಾಮಿ ಗುಡುಗಿದಾಗ ಹುಟ್ಟಿದ್ದೇ ಮೇಲಿನ ಪ್ರತಿಜ್ಞೆ.

ಪ್ರತಿಜ್ಞೆಯ ಹಿಂದೆ ಲಾರಿಪ್ರೇಮಕ್ಕಿಂತ ದೊಡ್ಡದೊಂದು ಗುಟ್ಟಿತ್ತು. ಪರೀಕ್ಷೆಯ ಓಟ ದಾವಣಗೆರೆಗೆ, ನೂಲಿನ ಲೋಡಿನ ಜೊತೆ. ದಾರಿಯಲ್ಲಿ ಹಿರಿಯೂರು! ಅಲ್ಲಿ ತನ್ನ ಅಣ್ಣನ ಮನೆಯಲ್ಲಿ ಇಸ್ಮಾಯಿಲ್‌ನ ಹೆಂಡತಿ ಜಾಸ್ಮಿನ್ ಇದ್ದಳು. ಮದುವೆಯಾಗಿ ಎರಡನೆಯ ವರ್ಷ ನಡೆಯುತ್ತಿದ್ದರೂ ಅವಳು ಪಲ್ಲಡಂ ನೋಡಿರಲಿಲ್ಲ. "ಸೆಕೆ ಕಡಿಮೆಯಾಗಲಿ, ನೀರಿನ ತಾಪತ್ರಯ ಮುಗಿಯಲಿ" ಎಂದು ಇಸ್ಮಾಯಿಲ್ ಮುಂದೂಡುತ್ತಲೇ ಬಂದಿದ್ದ. ಈ ಸಲ ಮಾತ್ರ ಗಟ್ಟಿ ಮಾತು ಕೊಟ್ಟಿದ್ದ. ಹೋಗುವಾಗಲೇ ಅವಳನ್ನು ಹತ್ತಿಸಿಕೊಂಡು, ದಾವಣಗೆರೆ ಮುಗಿಸಿ, ಎ.ಸಿ. ಕ್ಯಾಬಿನ್ನಿನಲ್ಲಿ ಮಹಾರಾಣಿಯಂತೆ ಕೂರಿಸಿಕೊಂಡು ಬರುವುದೆಂದು!

ಸರಿ, ಖರೀದಿಗೆ ಕೊಯಮತ್ತೂರಿಗೆ ಹೊರಟ. ಬಿಡಿಭಾಗಗಳ ಅಂಗಡಿಯವನು ಡಬ್ಬ ಎಳೆದು ತಂದು, "ಫ್ರೆಶ್ ಸಾರ್, ನಿನ್ನೆ ಬಂದ ಮಾಲು!" ಎಂದ.

ಇಸ್ಮಾಯಿಲ್ ನಕ್ಕ. ಡಬ್ಬವನ್ನು ಸುತ್ತ ತಿರುಗಿಸಿ ನೋಡಿದ. ಒಂದು ಮಗ್ಗುಲು ಬಿಳಿಚಿಕೊಂಡಿತ್ತು, ಅಂದರೆ ಬಿಸಿಲು ಕಾದಿದೆ. ಅಚ್ಚು ಹಾಕಿದ ತಾರೀಖು ನೋಡಿದ. ಮುಚ್ಚಳ ತೆಗೆದು ಮೂಗು ಒಡ್ಡಿದ. ಭಗ್ಗೆಂದು ಎದ್ದ ಅಮೋನಿಯಾ ವಾಸನೆಗೆ ಎರಡೂ ಕಣ್ಣಲ್ಲಿ ನೀರು!

"ನಿನ್ನೆ ಬಂದದ್ದಾ ಇದು? ನನ್ನ ಮದುವೆಗಿಂತ ಹಳೇದು!"

"ನಿಮಗೆ ಮದುವೆ ಆಗಿದೆಯಾ ಸಾರ್?" ಅಂಗಡಿಯವನು ನಿಜವಾಗಿಯೂ ಬೆರಗಾಗಿ ಕೇಳಿದ. "ಯಾವಾಗಲೂ ಒಬ್ಬರೇ ಬರ್ತೀರಲ್ಲ, ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಇಸ್ಮಾಯಿಲ್‌ಗೆ ಆ ಮಾತು ನಾಟಿತು. ಅದರ ಸಿಟ್ಟನ್ನೆಲ್ಲ ಡಬ್ಬಗಳ ಮೇಲೆ ತೀರಿಸಿದ. ಗೋಡೌನಿನ ಮೂಲೆ ಮೂಲೆ ಹೊಕ್ಕು, ಒಂದೊಂದನ್ನೂ ಮೂಸಿ, ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದು, ಹತ್ತು ತಾಜಾ ಡಬ್ಬಗಳನ್ನು ಆರಿಸಿ ಗೆದ್ದ ರಾಜನಂತೆ ಟೆಂಪೋ ಹತ್ತಿದ.

ಇನ್ನು ಇಡುವುದೆಲ್ಲಿ? ಅದಕ್ಕೂ ಅವನ ಬಳಿ ಅಸ್ತ್ರವಿತ್ತು. ಅವನು ಬಾಡಿಗೆಗಿದ್ದದ್ದು ನೇಕಾರರ ಪೈಕಿಯ ಕಾಮಾಕ್ಷಿಯಮ್ಮ ಎಂಬಾಕೆಯ ಮನೆಯ ಪಕ್ಕದ ಭಾಗದಲ್ಲಿ. ತಲೆಮಾರುಗಳಿಂದ ಅಲ್ಲೇ ನೆಲೆಸಿದ, ಮನೆಯೊಳಗೆ ಕನ್ನಡ ಆಡುವ ಕುಟುಂಬ. ಇಸ್ಮಾಯಿಲ್‌ನ ಭಾಗದಲ್ಲಿ ಹಿಂದೆ ಕೈಮಗ್ಗ ಹಾಕಿದ್ದ ಕೋಣೆಯೊಂದಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿ ಇನ್ನೂ ಹಾಗೇ ಇತ್ತು. ನೂಲು ಒಣಗಿ ಕಡಿಯಬಾರದೆಂದು ದಪ್ಪ ಮಣ್ಣಿನ ಗೋಡೆ ಎಬ್ಬಿಸಿ ಕಟ್ಟಿದ ತಂಪು ಕೋಣೆ. ಪವರ್‌ಲೂಮ್ ಬಂದ ಮೇಲೆ ಗುಂಡಿಗೆ ಕೆಲಸವಿರಲಿಲ್ಲ. ಇಸ್ಮಾಯಿಲ್ ಅಲ್ಲಿದ್ದ ತನ್ನ ಹಾಸಿಗೆಯನ್ನು ಹೊರಕ್ಕೆ ಎಳೆದು, ಹತ್ತು ಡಬ್ಬಗಳನ್ನೂ ಗುಂಡಿಯೊಳಗೆ ಇಳಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದ. ತಾನು ಹೆಂಚು ಕಾದ ಹೊರಕೋಣೆಯಲ್ಲಿ ಮಲಗಿದ. ಕರೆಂಟು ಹೋದಾಗಲೆಲ್ಲ ಡಬ್ಬಗಳು ತಣ್ಣಗಿದ್ದವು, ಯಜಮಾನ ಬೇಯುತ್ತಿದ್ದ!

ಡಬ್ಬ ಇಳಿಸುವ ದಿನ ಕಾಮಾಕ್ಷಿಯಮ್ಮ ಬಾಗಿಲಲ್ಲಿ ಇಣುಕಿ, "ಏನ್ ಕಣ್ಣು ಇದು, ತಣ್ಣಿಯಾ?" ಎಂದು ಕೇಳಿದ್ದರು. ಆಕೆಗೆ ಎಲ್ಲರೂ ಅಕ್ಕರೆಯ ಕಣ್ಣು, ನೀರೆಂದರೆ ತಣ್ಣಿ.

ಆ ಕ್ಷಣವೇ ನಿಂತು ವಿವರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಸ್ಮಾಯಿಲ್‌ಗೆ ಆಕೆಯ ಅರ್ಧ ತಮಿಳಿನ ಕನ್ನಡವೆಂದರೆ ಬೇಜಾರು. ಮಾತಿಗೆ ನಿಂತರೆ ಮುಗಿಯುವುದಿಲ್ಲವೆಂಬ ಹೆದರಿಕೆ ಬೇರೆ. "ಹೂಂ ಅಮ್ಮ, ತಣ್ಣಿ" ಎಂದು ಬಾಗಿಲು ಹಾಕಿಕೊಂಡ. ಯುಗಾದಿಗೆ ಆಕೆ ಒಬ್ಬಟ್ಟು ತಂದಾಗಲೂ ಹೀಗೆಯೇ ತಟ್ಟೆ ಇಸಿದುಕೊಂಡು ಬಾಗಿಲು ಹಾಕಿದ್ದ.

ಇಡೀ ದಿನ ವರ್ಕ್‌ಶಾಪಿನಲ್ಲಿ ತಮಿಳು. ಸಂಜೆ ಮನೆಗೆ ಬಂದರೆ ಮಾತೇ ಇಲ್ಲ. ಹಾಗಾಗಿ ಗೋಣಿ ಸರಿಸಿ, ಡಬ್ಬಗಳ ಆರೋಗ್ಯ ವಿಚಾರಿಸುವುದು ಅವನ ಸಂಜೆಯ ಕಾರ್ಯಕ್ರಮವಾಯಿತು. ಬರಬರುತ್ತಾ ಅವುಗಳ ಜೊತೆ ಹರಟೆಯೂ ಶುರುವಾಯಿತು. "ಹೇಗಿದೀರಪ್ಪಾ? ನನಗೂ ಊಟ ಆಯ್ತು. ಹೋಟೆಲ್ ಸಾರು ಕೇಳ್ಬೇಡಿ!" ಹತ್ತರಲ್ಲಿ ಒಂದೂ ಉತ್ತರ ಕೊಡಲಿಲ್ಲ. ಕೊಡದಿದ್ದರೂ ಅವುಗಳ ಪಕ್ಕ ಕೂರುವುದು ಅವನಿಗೆ ಹಿತವಾಗಿತ್ತು.

ಜಾಸ್ಮಿನ್‌ಗೆ ಫೋನಿನಲ್ಲಿ ಈ ವ್ಯವಸ್ಥೆಯನ್ನು ಬಣ್ಣಿಸಿದ.

"ಅಲ್ರೀ, ಮನೇಲಿ ತಂಪು ರೂಮು ಇದೆ ಅನ್ನಿ!"

"ಇದೆ. ಆದ್ರೆ ಡಬ್ಬಗಳಿಗೆ."

"ನನಗೆ ಸೆಕೆ ಅಂತ ಹೇಳಿದ್ರಿ, ಡಬ್ಬಗಳಿಗೆ ತಂಪು ಸಿಕ್ತಾ?"

"ಅವು ಕೆಟ್ಟುಹೋಗ್ತವೆ ಮಾರಾಯ್ತಿ!"

"ನಾನು ಉಪ್ಪಿನಕಾಯಿ, ಇಟ್ಟಷ್ಟು ದಿನ ಇರ್ತೀನಿ ಅಂದ್ಕೊಂಡ್ರಾ?"

"ಪರೀಕ್ಷೆ ಗೆದ್ರೆ ಮೊದಲಾಳಿ ಗೋಡೌನ್ ಕಟ್ಟಿಸ್ತಾರೆ. ಆಮೇಲೆ ಆ ರೂಮು ನಿಂದೇ."

"ನೋಡೋಣ. ಭಾನುವಾರ ಹೈವೇಲಿ ಪೆಟ್ಟಿಗೆ ಹಿಡ್ಕೊಂಡು ನಿಂತಿರ್ತೀನಿ. ನೀವು ಬರದಿದ್ರೆ ಮಾತ್ರ..." ಎಂದವಳು ಮಾತು ಮುಗಿಸದೆ ಫೋನಿಟ್ಟಳು. ಮುಗಿಸದ ಮಾತು ಇಸ್ಮಾಯಿಲ್‌ನ ಎದೆಯಲ್ಲಿ ಕೂತಿತು.

ಆ ವಾರವೇ, ಅವನು ಕೆಲಸದ ಮೇಲೆ ಪೆರಿಯನಾಯಕನಪಾಳ್ಯಂಗೆ ಹೋಗಿದ್ದ ದಿನ, ಬೀದಿಯ ನಲ್ಲಿಗಳು ಬುಸುಗುಟ್ಟಿದವು. "ನಲ್ಲ ತಣ್ಣಿ ಬಂತು!" ಎಂದು ಕೇರಿಯಿಡೀ ಕೂಗು. ಅಲ್ಲಿ ಬೋರಿನದು ಉಪ್ಪು ತಣ್ಣಿ, ಬರೇ ತೊಳೆಯುವುದಕ್ಕೆ. ಕುಡಿಯುವ ನಲ್ಲ ತಣ್ಣಿ ಬರುವುದು ವಾರ ಹತ್ತು ದಿನಕ್ಕೊಮ್ಮೆ. ಬಂದ ದಿನ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಇದ್ದಬದ್ದ ಪಾತ್ರೆ ತೊಳೆದು ಹೊಸ ನೀರು ತುಂಬುವುದು ಆ ಊರಿನ ದೊಡ್ಡ ಹಬ್ಬ. ಕಾಮಾಕ್ಷಿಯಮ್ಮ ತಮ್ಮ ಕೊಡಗಳನ್ನು ತುಂಬಿದರು. ಆಮೇಲೆ ಅವರಿಗೆ ಪಕ್ಕದ ಮನೆಯ ಒಂಟಿ ಹುಡುಗ ನೆನಪಾದ. ಸಂಜೆಯ ಹೊತ್ತು ಅವನು ಗುಂಡಿಗೆ ಬಗ್ಗಿ ಮಾತಾಡುವುದು ಗೋಡೆಯಾಚೆಗೆ ಅವರಿಗೆ ಕೇಳುತ್ತಿತ್ತು. "ಪಾವಂ, ಮಾತಾಡಕ್ಕೆ ಆಳಿಲ್ಲೆ, ತಣ್ಣಿ ಹಿಡಿಯಕ್ಕೂ ಆಳಿಲ್ಲೆ" ಎಂದು ಮರುಗುತ್ತಾ ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ಒಳಗೆ ಬಂದರು.

ಗೋಣಿ ಸರಿಸಿದರು. ಡಬ್ಬದ ಬಾಯಿಯ ಸುತ್ತ ಬಿಳಿ ಹರಳು ಕಟ್ಟಿತ್ತು. ಯೂರಿಯಾ ಒಣಗಿದರೆ ಹಾಗೆಯೇ. ಕಾಮಾಕ್ಷಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ! ಉಪ್ಪು ತಣ್ಣಿ! ಇದನ್ನ ಹಿಡಿದಿಟ್ಟು ಕುಡೀತಾನಲ್ಲ ಈ ಹುಡುಗ!" ಮುಚ್ಚಳ ತೆಗೆದು ಮೂಸಿದರು. ವಾಸನೆ ಬೇರೆ!

ತೀರ್ಮಾನವಾಗಿಹೋಯಿತು. ಹತ್ತೂ ಡಬ್ಬಗಳ ಹೊಗೆನೀರು ಹಿತ್ತಿಲಿನ ತೆಂಗಿನ ಬುಡಕ್ಕೂ ಕರಿಬೇವಿನ ಗಿಡಕ್ಕೂ ಹೋಯಿತು. ಡಬ್ಬಗಳಿಗೆ ಹುಣಸೇಹಣ್ಣಿನ ಸ್ನಾನವಾಯಿತು. ಬಿಳಿ ಬಟ್ಟೆಯಲ್ಲಿ ಸೋಸಿದ ನಲ್ಲ ತಣ್ಣಿ ತುಂಬಿ, ಮತ್ತೆ ಗುಂಡಿಗಿಳಿಸಿ, ಗೋಣಿ ಹೊದಿಸಿ, ಸೊಂಟ ಹಿಡಿದುಕೊಂಡು ಹೊರಬಂದರು. ಹೇಳಿದರೆ ಹುಡುಗನಿಗೆ ನಾಚಿಕೆಯಾದೀತೆಂದು ಆಕೆ ಹೇಳಲೂ ಇಲ್ಲ.

ಸಂಜೆ ಇಸ್ಮಾಯಿಲ್ ಬಂದ. ಎಂದಿನಂತೆ ಗೋಣಿ ಸರಿಸಿ ಮುಚ್ಚಳ ತೆಗೆದು ಮೂಸಿದ. ಒಂದಿಷ್ಟೂ ವಾಸನೆಯಿಲ್ಲ! ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದ. ಕಣ್ಣೀರಿನಷ್ಟು ತಿಳಿ! ಹರಳೂ ಮಾಯ! "ಭಲೇ ಇಸ್ಮಾಯಿಲ್!" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಕೊಂಡ ದಿನಕ್ಕಿಂತ ತಾಜಾ ಆಗಿರುವ ಹೊಗೆನೀರನ್ನು ಜಗತ್ತಿನಲ್ಲಿ ಬೇರೆ ಯಾರು ತಾನೇ ಕಾಪಾಡಿದ್ದರು?

ಭಾನುವಾರ ನಸುಕಿನಲ್ಲೇ ಲಾರಿಯ ಪುಟ್ಟ ಟ್ಯಾಂಕನ್ನು ಸ್ವಹಸ್ತದಿಂದ ತುಂಬಿಸಿ, ದಾರಿಗೆಂದು ಎರಡು ಡಬ್ಬ ಜೊತೆಗಿಟ್ಟುಕೊಂಡು, ಇಸ್ತ್ರಿ ಅಂಗಿ ತೊಟ್ಟು ಡ್ರೈವರ್ ನಂಜಪ್ಪನ್ ಪಕ್ಕ ಕೂತ. ಸತ್ಯಮಂಗಲದವರೆಗೆ ಲಾರಿ ಹಾರಿತು. ಅಲ್ಲಿ ಹಳದಿ ದೀಪ ಹತ್ತಿತು. "ಏನೂ ಇಲ್ಲ, ನಡಿ" ಎಂದ ಇಸ್ಮಾಯಿಲ್. ಬಣ್ಣಾರಿ ದಾಟಿ ದಿಂಬಂ ಘಾಟಿ ಏರತೊಡಗಿದ್ದೇ ತಡ, ಲಾರಿಗೆ ಏದುಸಿರು. ಒಂದು ತಿರುವು, ಇನ್ನೊಂದು ತಿರುವು, ಮೂರನೆಯದರಲ್ಲಿ ಹೊಟ್ಟೆನೋವು ಬಂದ ಎತ್ತಿನಂತೆ ನಿಂತೇಬಿಟ್ಟಿತು. ಹಿಂದೆ ಬಸ್ಸುಗಳ ಹಾರ್ನು, ತಡೆಗೋಡೆಯ ಮೇಲೆ ಕೋತಿಗಳ ಸಭೆ!

ಇಸ್ಮಾಯಿಲ್ ಎಂಜಿನ್ನಿನ ಕೆಳಗೆ ತೂರಿ ಹುಡುಕಾಡುತ್ತಿದ್ದಾಗ ಬಾಯಾರಿದ ನಂಜಪ್ಪನ್ ಡಬ್ಬವೊಂದನ್ನು ಎತ್ತಿ ಗಟಗಟ ಕುಡಿಯತೊಡಗಿದ.

"ಅಯ್ಯೋ! ಉಗುಳೋ! ಅದು ಯೂರಿಯಾ ಕಣೋ!" ಇಸ್ಮಾಯಿಲ್ ಚೀರಿದ.

ನಂಜಪ್ಪನ್ ಬಾಯಿ ಒರೆಸಿಕೊಂಡ. "ನಲ್ಲ ತಣ್ಣಿ ಸಾರ್! ಕುಡೀರಿ, ನೀವೂ ಬೆವರಿದೀರ."

ಇಸ್ಮಾಯಿಲ್ ಒಂದು ಗುಟುಕು ಕುಡಿದ. ತಂಪಾಗಿ, ಸಿಹಿಯಾಗಿ ಗಂಟಲಿಗಿಳಿಯಿತು. ಅದಕ್ಕಿಂತ ಕಹಿಯಾದದ್ದನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ಮಧ್ಯಾಹ್ನಕ್ಕೆ ಅಲ್ಲಿ ಹಿರಿಯೂರಿನ ಹೈವೇಯಲ್ಲಿ ಒಬ್ಬಳು ಪೆಟ್ಟಿಗೆ ಹಿಡಿದು ನಿಲ್ಲುತ್ತಾಳೆ, ಇಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಅವನು ಲಾರಿಯ ಚಕ್ರಕ್ಕೊರಗಿ ಕೂತು ಅತ್ತ. ಕೋತಿಗಳೇ ನೋಡಲಾರದೆ ಮುಖ ತಿರುಗಿಸಿದವು.

ಲಾರಿ ತೆವಳಿಕೊಂಡು ಪಲ್ಲಡಂಗೆ ವಾಪಸಾಯಿತು. ಟ್ಯಾಂಕಿನಲ್ಲಿದ್ದದ್ದು ಕುಡಿಯುವ ನೀರೆಂದು ತಿಳಿದ ಪೊನ್ನುಸಾಮಿ ಬೈಯಲೂ ಇಲ್ಲ. "ಈ ಸೀಮೆ ಲಾರಿ ಸಹವಾಸ ಬೇಡಪ್ಪ, ನಾಳೆನೇ ಹಿಂದಕ್ಕೆ ಕಳಿಸು. ನಮ್ಮ ಹಳೇ ಗಾಡಿಗಳು ಗಂಜಿ ಹಾಕಿದ್ರೂ ಓಡ್ತವೆ" ಎಂದು ಕೈಮುಗಿದರು.

ಕಣ್ಣು ಕೆಂಪು ಮಾಡಿಕೊಂಡು ಮನೆಗೆ ನುಗ್ಗಿದರೆ, ಅವನು ಬಾಯಿ ತೆರೆಯುವ ಮೊದಲೇ ಕಾಮಾಕ್ಷಿಯಮ್ಮ ಕೈ ಹಿಡಿದು ಹಿತ್ತಿಲಿಗೆ ಎಳೆದೊಯ್ದರು. ಕರಿಬೇವಿನ ಗಿಡ ಸುಟ್ಟು ಕರಕಲಾಗಿತ್ತು.

"ನೋಡು ಕಣ್ಣು! ನಿನ್ನ ಉಪ್ಪು ತಣ್ಣಿ ಹಾಕಿ ಗಿಡಾನೇ ಹೋಯ್ತು! ನಾನು ನಲ್ಲ ತಣ್ಣಿ ತುಂಬಿಲ್ಲೇಂದ್ರೆ ನಿನ್ನ ಹೊಟ್ಟೆ ಏನಾಗ್ತಿತ್ತು? ಯಾರಿದಾರೆ ನಿನಗೆ ಇಲ್ಲಿ?" ಆಕೆಯ ಕಣ್ಣಲ್ಲಿ ನೀರಿತ್ತು.

ಇಸ್ಮಾಯಿಲ್ ಬೈಗುಳಗಳನ್ನೆಲ್ಲ ನುಂಗಿಕೊಂಡ. ಆ ಊರಿಗೆ ಬಂದಾಗಿನಿಂದ ಅವನ ಹೊಟ್ಟೆಯ ಬಗ್ಗೆ ಯೋಚಿಸಿದವರು ಅವರೊಬ್ಬರೇ. "ರೊಂಬ ಥ್ಯಾಂಕ್ಸ್ ಅಮ್ಮ" ಎಂದ.

ಒಳಗೆ ಬಂದು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಜಾಸ್ಮಿನ್‌ಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ.

"ಹಲೋ? ಇದೀಯಾ?"

"ಇದೀನಿ. ಬಿಸಿಲಲ್ಲಿ ನಿಂತು ನಿಂತು ಮನೆಗೆ ಬಂದೆ. ಹಾಗಾದ್ರೆ ಈಗ ಆ ತಂಪು ರೂಮು ಖಾಲಿ."

"ಹೂಂ."

"ಡಬ್ಬಗಳ ತುಂಬ ಕುಡಿಯೋ ನೀರು."

"ಹೂಂ."

"ಇನ್ನು ಯಾವ ನೆಪ ಹೇಳ್ತೀರಿ? ಬೇಗ ಯೋಚ್ನೆ ಮಾಡಿ, ನಿಮ್ಮ ಕರೆನ್ಸಿ ಮುಗೀತಿದೆ."

ಇಸ್ಮಾಯಿಲ್ ಬಾಯಿ ತೆರೆದ. ಸೆಕೆಯೂ ಕೈಕೊಟ್ಟಿತು, ನೀರೂ ಕೈಕೊಟ್ಟಿತು. ಉಳಿದದ್ದು ನಿಜವೊಂದೇ. "ನೀನು ಬಂದು, ಈ ಮನೆ ಈ ಊರು ನೋಡಿ, ನನ್ನನ್ನೂ ನೋಡಿ, ಬೇಡ ಅಂತ ವಾಪಸ್ ಹೋಗಿಬಿಟ್ರೆ ಅಂತ ಭಯ ಕಣೇ. ಬರ್ತೀಯಾ ಅಂತ ಕಾಯೋದಾದ್ರೂ ಇರ್ಲಿ ಅಂತ..."

"ಅಲ್ರೀ! ಮುಚ್ಚಳ ತೆಗೀದೇನೇ ಕೆಟ್ಟಿದೆ ಅಂತ ತೀರ್ಮಾನ ಮಾಡಿಬಿಟ್ರಾ?" ಎಂದಳು. "ನಾಳೆ ಬಸ್ ಹತ್ತುತೀನಿ. ಸ್ಟ್ಯಾಂಡಿಗೆ ಆ ಕಾಮಾಕ್ಷಿಯಮ್ಮನ್ನ ಕಳಿಸಿ. ನೀವು ಬಂದ್ರೆ ಮೊದಲು ಮೂಸಿ ನೋಡಿ, ಆಮೇಲೆ ತಾರೀಖು ಹುಡುಕ್ತೀರಿ!"

"ನಾಳೆ ಬಸ್ ಸ್ಟ್ಯಾಂಡಿಗೆ ಕಾಮಾಕ್ಷಿಯಮ್ಮನ್ನ ಕಳಿಸ್ಬೇಕಾ?" ಎಂದು ಅವನು ಕೂಗಿ ಕೇಳುತ್ತಿರುವಾಗಲೇ ಮಣ್ಣುಗೋಡೆಯ ಆಚೆಯಿಂದ ದನಿ ಬಂತು:

"ಬಸ್ಸು ಎಷ್ಟು ಮಣಿಗೆ ಬರುತ್ತೆ ಕಣ್ಣು? ನಾನು ಈಗಲೇ ತಲೆ ಬಾಚಿಕೋತೀನಿ!"