ಅಕ್ಕನ ಗಂಟು, ನನ್ನ ಸಿಟ್ಟು

ಸಿಟ್ಟು ಬಂದಾಗ ಒಂದು ಲೋಟ ತಣ್ಣೀರು ಕುಡಿಯಬೇಕು ಎಂಬುದು ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ನನಗೆ ಕೊಟ್ಟ ಸಲಹೆ. ಸಲಹೆ ಒಳ್ಳೆಯದೇ. ಆದರೆ ಹೋದ ವರ್ಷ ನನಗೆ ಬಂದ ಸಿಟ್ಟಿಗೆ ಲೋಟ ಹೋಗಲಿ, ರಾಯಚೂರಿನ ಆ ಕಡೆ ಹರಿಯುವ ಕೃಷ್ಣೆ, ಈ ಕಡೆ ಹರಿಯುವ ತುಂಗಭದ್ರೆ ಎರಡನ್ನೂ ಕುಡಿದರೂ ಸಾಲುತ್ತಿರಲಿಲ್ಲ. ಸಾಮಾನ್ಯವಾಗಿ ನನ್ನ ಸಿಟ್ಟಿಗೆ ಒಂದು ವಿಳಾಸ ಇರುತ್ತದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮಾನ್ವಿ ಬಸ್ಸಿನ ಗಂಡಸರು, ಉತ್ತರಪತ್ರಿಕೆಯಲ್ಲಿ ಹೃದಯಕ್ಕೆ ಐದು ಕೋಣೆ ಕಟ್ಟುವ ಮಕ್ಕಳು, ಹೀಗೆ. ಈ ಸಿಟ್ಟಿಗೆ ಮಾತ್ರ ವಿಳಾಸ ಸಿಗಲಿಲ್ಲ. ಒಬ್ಬರ ಮೇಲೆ ಹೊರಟರೆ ಅವರ ಮನೆ ದಾಟಿ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ರಾಯಚೂರಿನಲ್ಲಿ, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಸೊಂಟ ಹಿಡಿದುಕೊಂಡು ಬರುತ್ತೇನೆ. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ನನ್ನಕ್ಕ ಈರಮ್ಮನನ್ನು ದೇವದುರ್ಗ ತಾಲ್ಲೂಕಿನ ಮಸರಕಲ್‌ಗೆ ಕೊಟ್ಟಿದೆ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನ ತಲೆ ಬಾಚಿದ್ದು, ಬೈದದ್ದು, ಹಟ ಹಿಡಿದು ಓದಿಸಿದ್ದು ಎಲ್ಲ ಅವಳೇ. ನಾನು ದೊಡ್ಡವಳಾದ ದಿನ "ಇನ್ನ ಮ್ಯಾಲ ಓಡಬ್ಯಾಡ, ಮೈತುಂಬ ಹೊದ್ಕೊ" ಅಂದವಳೂ ಅವಳೇ. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳಿಗೂ ಯಾರೂ ಹೇಳಿರಲಿಲ್ಲ.

ಯುಗಾದಿಗೆ ಎರಡು ವಾರ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು.

"ಗಿರಿಜಾ, ಬಾಜೂಕ ಯಾರಾದ್ರೂ ಅದಾರೇನು?"

"ಯಾರೂ ಇಲ್ಲ. ಏನಾತು ಹೇಳಬೇ."

"ನನಗೊಂದು ಗಂಟು ಆಗ್ಯಾದ."

"ಎಲ್ಲಿ?"

"ಅಲ್ಲಿ."

"ಅಲ್ಲಿ ಅಂದ್ರ ಎಲ್ಲಿ? ಕುತ್ತಿಗಿಗಾ?"

"ಅದರ ಕೆಳಗ."

"ಹೊಟ್ಟಿಯೊಳಗಾ?"

"ಅದರ ಮ್ಯಾಲ."

ಅಕ್ಷಾಂಶ, ರೇಖಾಂಶ ಎಲ್ಲ ಕೊಟ್ಟಳೇ ಹೊರತು ಊರಿನ ಹೆಸರು ಹೇಳಲಿಲ್ಲ. ಊರು ಯಾವುದೆಂದು ನನಗೆ ಅರ್ಥವಾಯಿತು, ಯಾವಾಗಿನಿಂದ ಎಂದು ಕೇಳಿದೆ. ದಸರೆಯ ಬನ್ನಿ ಹಬ್ಬದ ದಿನ ಜಳಕ ಮಾಡುವಾಗ ಕೈಗೆ ಸಿಕ್ಕಿತ್ತಂತೆ. ಆಗ ಕಡಲೆಕಾಳಿನಷ್ಟಿತ್ತು, ಈಗ ಅಡಕಿಯಷ್ಟಾಗಿದೆ. ನೋವಿಲ್ಲ. ನೋವಿಲ್ಲವಲ್ಲ ಎಂದೇ ಐದು ತಿಂಗಳು ಸುಮ್ಮನಿದ್ದಳು. ಅರಿಷಿಣ ಅರೆದು ಹಚ್ಚಿದ್ದಳು. ನೀರಮಾನ್ವಿ ಯಲ್ಲಮ್ಮನಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದಳು. ದೇವಿಗೆ ಹೇಳಿಕೊಂಡವಳು ತಂಗಿಗೆ ಹೇಳಲಿಲ್ಲ. ದೇವಿ ತಿರುಗಿ 'ಎಲ್ಲಿ?' ಎಂದು ಕೇಳುವುದಿಲ್ಲ ನೋಡಿ, ಅದೊಂದು ಅನುಕೂಲ.

ಸಿಕ್ಕ ಬಸ್ಸು ಹಿಡಿದು ಮಸರಕಲ್‌ಗೆ ಹೊರಟೆ. ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದದ್ದು ಅಕ್ಕನ ಎಮ್ಮೆ. ಸಂಕ್ರಾಂತಿಗೆ ನಾನು ಅಲ್ಲಿಗೆ ಹೋದಾಗ ಆ ಎಮ್ಮೆಗೆ ಕೆಚ್ಚಲು ಬಾತಿತ್ತು. ಬೆಳಿಗ್ಗೆ ಹಾಲು ಹಿಂಡಲು ಕುಳಿತ ಮಾಮಾ, ಅಂದರೆ ಅಕ್ಕನ ಗಂಡ, ಕೈ ಇಟ್ಟ ಕೂಡಲೇ "ಲೇ, ಇಲ್ಲಿ ಏನೋ ಬಿರುಸು ಹತ್ತತದ" ಎಂದು ಕೂಗಿದ. ಒಂದು ತಾಸಿನೊಳಗೆ ದನದ ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದರು. ಓಣಿಯ ಏಳೆಂಟು ಗಂಡಸರು ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು ಎಡಗಡೆಯದೋ ಬಲಗಡೆಯದೋ, ಮುಂದಿನದೋ ಹಿಂದಿನದೋ ಎಂದು ಗಟ್ಟಿ ದನಿಯಲ್ಲಿ ಚರ್ಚೆ ಮಾಡಿದರು. ಯಾರೂ ನಾಚಲಿಲ್ಲ, ಯಾರೂ 'ಆ ಜಾಗ' ಎನ್ನಲಿಲ್ಲ. ಎಮ್ಮೆಯಂತೂ ಸಂಕೋಚವಿಲ್ಲದೆ ಮೆಲುಕು ಹಾಕುತ್ತಾ ನಿಂತಿತ್ತು. ಶಾಖ ಕೊಡಲು ಬಿಸಿನೀರಿನ ಕೊಡ ಹೊತ್ತು ತಂದವಳು ನನ್ನಕ್ಕ. ಆಗ ಅವಳ ಕುಪ್ಪಸದೊಳಗೆ ಆ ಗಂಟು ಮೂರು ತಿಂಗಳಿನದಾಗಿತ್ತು.

ಇದು ನೆನಪಾಗಿ ನನಗೆ ಬಸ್ಸಿನಲ್ಲೇ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಮಸರಕಲ್‌ನಲ್ಲಿ ಇಳಿದವಳು ಚಪ್ಪಲಿ ಕೂಡ ಬಿಡದೆ ಅಂಗಳದಲ್ಲಿದ್ದ ಮಾಮನ ಎದುರು ನಿಂತೆ.

"ಮಾಮಾ, ಅಕ್ಕಗ ಎದಿಯಾಗ ಗಂಟು ಆಗಿ ಐದು ತಿಂಗಳಾತಂತ. ನಿಮಗ ಗೊತ್ತೇನು?"

ಅವನ ಕೈಯಲ್ಲಿದ್ದ ಮೇವಿನ ಹೊರೆ ಅಲ್ಲೇ ಉಳಿಯಿತು. "ಆಕಿ ನನಗ ಹೇಳೇ ಇಲ್ಲಲ್ಲವಾ," ಎಂದ.

"ಎಮ್ಮಿ ಬಂದು ಹೇಳಿತ್ತೇನು ನಿಮಗ?"

ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಮಾಮಾ ಹೊರೆ ಕೆಳಗಿಳಿಸಿ ಕಟ್ಟೆಯ ಮೇಲೆ ಕುಳಿತ. ಅರವತ್ತು ದಾಟಿದ ಮನುಷ್ಯ. ಟವೆಲಿನಿಂದ ಮುಖ ಮುಚ್ಚಿಕೊಂಡು, "ಮೂವತ್ತೈದು ವರ್ಷ ಒಂದ ಮನಿಯಾಗ ಅದೀವಿ ಗಿರಿಜಾ, ನನಗ್ಯಾಕ ಹೇಳಲಿಲ್ಲ ಆಕಿ?" ಎಂದು ಕೇಳಿದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಹೆಂಗ ಹೇಳಲಿ? ಏನಂತ ಹೇಳಲಿ?" ಎಂದಳು. ಬೈಯಲು ಬಂದವಳಿಗೆ ಬೈಯುವುದಕ್ಕೆ ಯಾರೂ ಉಳಿಯಲಿಲ್ಲ.

ಹಾಗೆ ನೋಡಿದರೆ ನನಗಾದರೂ ಯಾವ ಬಾಯಿ ಇದೆ? ಸಂತಾನೋತ್ಪತ್ತಿಯ ಪಾಠ ಬಂದಾಗ, ಸೊಪ್ಪು ಸದೆ, ಹೂವು, ಪರಾಗ ಇವನ್ನೆಲ್ಲ ಎರಡು ವಾರ ಎಳೆದು, ಮನುಷ್ಯರ ಸರದಿ ಬಂದ ಕೂಡಲೇ "ಇದು ಸುಲಭ ಅದ, ಮನ್ಯಾಗ ಓದ್ಕೊಂಡು ಬರ್ರಿ" ಎಂದು ಪುಟ ತಿರುವಿದ ಟೀಚರು ನಾನೇ. ಇಪ್ಪತ್ತೆರಡು ವರ್ಷದಿಂದ ಮಾನ್ವಿಯ ಮಕ್ಕಳು ಅದನ್ನು ಮನೆಯಲ್ಲೇ ಓದಿಕೊಳ್ಳುತ್ತಿದ್ದಾರೆ.

ಮರುದಿನ ಅಕ್ಕನನ್ನು ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವ ಕಿಂಡಿಯ ಮುಂದೆ ಸಂತೆಯಂಥ ಜನ. ಒಳಗಿದ್ದವನು ತಲೆ ಎತ್ತದೆ "ಏನ್ ತ್ರಾಸ?" ಎಂದ.

"ಮೈಯಾಗ ಆರಾಮಿಲ್ರಿ," ಎಂದಳು ಅಕ್ಕ.

"ಎಲ್ಲಿ? ತಲಿಯಾ, ಹೊಟ್ಟಿಯಾ?"

ಅವನು ಕೊಟ್ಟದ್ದು ಎರಡೇ ಆಯ್ಕೆ. ಅಕ್ಕ ಸ್ವಲ್ಪ ಯೋಚಿಸಿ ಹತ್ತಿರದ್ದನ್ನು ಆರಿಸಿಕೊಂಡಳು. "ಹೊಟ್ಟಿ." ನಾನು ಪಕ್ಕದಲ್ಲೇ ಇದ್ದೆ. ತಿದ್ದಬೇಕು ಎಂದುಕೊಂಡೆ. ನಮ್ಮ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ನಿಂತು "ನಮಸ್ಕಾರ್ರೀ ಟೀಚರ್" ಎಂದದ್ದರಿಂದ ನಾನೂ ನಮಸ್ಕಾರ ಎಂದೆ, ಅಷ್ಟೇ. ಹೊಟ್ಟೆಯ ಡಾಕ್ಟರ ಬಾಗಿಲಲ್ಲಿ ಒಂದೂವರೆ ತಾಸು ಕುಳಿತೆವು. ಕೊನೆಗೆ ನನ್ನ ಮೇಲೆ ನನಗೇ ರೇಗಿ, ಎದ್ದು ಹೋಗಿ ಕಿಂಡಿಯೊಳಗೆ ತಲೆ ತೂರಿಸಿ, "ಹೊಟ್ಟಿ ಅಲ್ರೀ, ಎದಿಯಾಗ ತ್ರಾಸ ಅದ" ಎಂದೆ.

"ಎದಿನೋವಾ? ಮೊದಲ ಹೇಳಬಾರದೇನ್ರೀ!" ಎಂದು ಅವನು ಗಾಬರಿಯಿಂದ ಎದ್ದೇಬಿಟ್ಟ. ಎಲ್ಲಿಂದಲೋ ಗಾಲಿಕುರ್ಚಿ ಬಂತು. ನಮ್ಮಕ್ಕ ಹುಟ್ಟಾ ವಿಧೇಯಳು. ಕುಳಿತುಕೊ ಎಂದರು, ಕುಳಿತಳು. ಅವಳನ್ನು ತಳ್ಳಿಕೊಂಡು ಹೃದಯದ ವಿಭಾಗದ ಕಡೆಗೆ ಓಡತೊಡಗಿದರು. ಹಿಂದೆ ನಾನು, ನನ್ನ ಹಿಂದೆ ಆ ವಿದ್ಯಾರ್ಥಿಯ ತಂದೆ. ಕನ್ನಡದಲ್ಲಿ ಎದೆ ಎಂದರೆ ಹೃದಯ, ಎದೆ ಎಂದರೆ ಧೈರ್ಯ, ಎದೆ ಎಂದರೆ ಪ್ರೀತಿ. ಹೆಂಗಸಿಗೆ ನಿಜವಾಗಿ ಇರುವ ಎದೆಗೆ ಮಾತ್ರ ಆ ಮಾತು ಒಗ್ಗುವುದಿಲ್ಲ. ಅದಕ್ಕೆ ಬೇರೆ ಮಾತಿದೆ, ಎಲ್ಲರಿಗೂ ಗೊತ್ತಿದೆ. ಕೂಸಿಗೆ ಹಾಲೂಡಿಸುವಾಗ ಆಡಬಹುದು, ಜಗಳದಲ್ಲಿ ಬೈಯುವುದಕ್ಕೆ ಆಡಬಹುದು, ರೋಗ ಬಂದಾಗ ಆಡಬಾರದು! ಇದನ್ನು ಯಾರು ತೀರ್ಮಾನ ಮಾಡಿದರು? ಯಾವ ಸಭೆಯಲ್ಲಿ? ಆ ಸಭೆಗೆ ಒಬ್ಬ ಹೆಂಗಸನ್ನಾದರೂ ಕರೆದಿದ್ದರೇ?

"ನಿಲ್ರೀ!" ಎಂದು ನಾನು ಚೀರಿದೆ. "ಹೃದಯ ಅಲ್ರೀ! ಮೊಲಿ! ಆಕಿ ಮೊಲಿಯಾಗ ಗಂಟು ಆಗ್ಯಾದ!"

ಇಡೀ ಪಡಸಾಲೆ ನಮ್ಮ ಕಡೆ ತಿರುಗಿತು. ವಿದ್ಯಾರ್ಥಿಯ ತಂದೆ ಗೋಡೆಯ ಮೇಲಿನ ಕ್ಯಾಲೆಂಡರು ಓದತೊಡಗಿದ. ಅಕ್ಕ ಗಾಲಿಕುರ್ಚಿಯಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಗ ಬೆಂಚಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಕೋಲೂರಿಕೊಂಡು ನನ್ನ ಹತ್ತಿರ ಬಂದು ಕಿವಿಯಲ್ಲಿ, "ಯವ್ವಾ, ಅದಕ್ಕ ಯಾವ ಖೋಲಿಗೆ ಹೋಗಬೇಕು? ನನ್ನ ಸೊಸಿಗೂ ಅದ, ಆಕಿ ಜ್ವರ ಅಂತ ಬರಸ್ಯಾಳ" ಎಂದಳು. ನಾವು ಸರಿಯಾದ ಖೋಲಿ ಹುಡುಕಿಕೊಂಡು ಹೊರಟಾಗ ಮುದುಕಿ ಮತ್ತು ಸೊಸೆ ನಮ್ಮ ಹಿಂದೆಯೇ ಇದ್ದರು. ಅವರ ಹಿಂದೆ, ಯಾರ ಕಡೆಗೂ ನೋಡದೆ, ಬುರ್ಖಾ ತೊಟ್ಟ ಇನ್ನೊಬ್ಬಳು ನಡೆದು ಬರುತ್ತಿದ್ದಳು. ನನ್ನ ಸಿಟ್ಟಿನ ಹಿಂದೆ, ಪಂಢರಪುರಕ್ಕೆ ಹೊರಟವರಂತೆ, ಒಂದು ಸಣ್ಣ ದಿಂಡಿಯೇ ಸೇರಿಬಿಟ್ಟಿತ್ತು.

ಲೇಡಿ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಕ್ಕನನ್ನು ನಿಧಾನವಾಗಿ ಪರೀಕ್ಷೆ ಮಾಡಿ, ಸ್ಕ್ಯಾನಿಂಗಿಗೆ ಬರೆದು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. "ಗಂಟು ಅಂದ ಕೂಡಲೇ ಕ್ಯಾನ್ಸರ್ ರೋಗ ಅಂತ ತಿಳ್ಕೋಬ್ಯಾಡ್ರಿ. ಬಹಳ ಮಂದಿಗೆ ಏನೂ ಇರಂಗಿಲ್ಲ. ಆದ್ರ ಯಾವುದು ಹೌದು, ಯಾವುದು ಅಲ್ಲ ಅಂತ ಮನ್ಯಾಗ ಕುಂತು ನೀವು ಹೇಳಾಕ ಬರಂಗಿಲ್ಲ. ಬರೇ ಕೈಯಿಂದ ಮುಟ್ಟಿ ನಾನೂ ಹೇಳಾಕ ಬರಂಗಿಲ್ಲ," ಎಂದರು. ಆಮೇಲೆ ಅಕ್ಕನಿಗೆ ಒಂದು ಪಾಠ ಹೇಳಿದರು. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಬೇಕು. ಚರ್ಮ ಎಲ್ಲಾದರೂ ಒಳಗೆ ಜಗ್ಗಿದೆಯೇ, ತೊಟ್ಟು ಹೊಸದಾಗಿ ಒಳಸೇರಿದೆಯೇ, ಏನಾದರೂ ಸೋರುತ್ತಿದೆಯೇ, ಕಂಕುಳಲ್ಲಿ ಏನಾದರೂ ಕೈಗೆ ಹತ್ತುತ್ತದೆಯೇ. ಮುಟ್ಟಾಗುವವರು ಅದು ಮುಗಿದ ನಾಲ್ಕಾರು ದಿನಕ್ಕೆ, ನಿಂತವರು ತಿಂಗಳಲ್ಲಿ ತಮಗೆ ನೆನಪಿರುವ ಒಂದು ದಿನ. "ಹಿಟ್ಟು ನಾದಿದಂಗ ನಾದಬ್ಯಾಡ್ರಿ. ಕೂಸಿನ ನೆತ್ತಿಗೆ ಎಣ್ಣಿ ಹಚ್ಚತೀರಲ್ಲ, ಹಂಗ ಮೆತ್ತಗ. ನಿಮ್ಮದು ಹೆಂಗ ಇರತದ ಅಂತ ನಿಮಗ ಗೊತ್ತಿದ್ರ, ಬದಲಾದಾಗ ಗೊತ್ತಾಗತದ. ಬದಲಾತು ಅನಿಸಿದ್ರ ಹಬ್ಬ ಹುಣ್ಣಿವಿ ನೋಡಬ್ಯಾಡ್ರಿ, ಬಂದುಬಿಡ್ರಿ."

ನಿಮ್ಮದು ನಿಮಗೆ ಗೊತ್ತಿದ್ದರೆ! ನನ್ನದು ನನಗೆಲ್ಲಿ ಗೊತ್ತಿದೆ? ಒಳ ಉಡುಪು ಕೊಳ್ಳಲು ಪೇಟೆಗೆ ಹೋದರೆ ಅಂಗಡಿಯವನು ನನ್ನನ್ನೊಮ್ಮೆ ನೋಡಿ, "ಮೂವತ್ನಾಕು" ಎಂದು ತಾನೇ ತೀರ್ಪು ಕೊಟ್ಟು, ಡಬ್ಬಿ ಇಳಿಸಿ, ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಚೀಲದಲ್ಲಿ ಹಾಕಿ ಕೊಡುತ್ತಾನೆ. ಎರಡು ಹೆತ್ತೆ, ಹದಿನೈದು ಕಿಲೋ ತೂಕ ಹೆಚ್ಚಿಸಿಕೊಂಡೆ, ಅವನ ತೀರ್ಪು ಬದಲಾಗಲಿಲ್ಲ. ಹೆಗಲ ಮೇಲೆ ಗೆರೆ ಬಿದ್ದು ಉರಿದರೂ ಅದು ಹೆಣ್ಣು ಜನ್ಮದ ಪಾಡು ಎಂದು ಸಹಿಸಿದೆನೇ ಹೊರತು, ಅಳತೆ ತಪ್ಪಿರಬಹುದು ಎಂದು ಇಪ್ಪತ್ತು ವರ್ಷ ಹೊಳೆಯಲೇ ಇಲ್ಲ.

ವಾರದ ನಂತರ ವರದಿ ಬಂತು. ಅದೇ ರೋಗ. "ಬನ್ನಿಹಬ್ಬಕ್ಕ ಬಂದಿದ್ರ ಇನ್ನೂ ಛಲೋ ಇತ್ತು. ಆದ್ರೂ ತಡ ಆಗಿಲ್ಲ," ಎಂದರು ಡಾಕ್ಟರು. ಆಪರೇಷನ್ ಆಯಿತು, ಇಂಜೆಕ್ಷನ್ನುಗಳಾದವು. ನನ್ನ ತಲೆ ಬಾಚುತ್ತಿದ್ದವಳ ತಲೆ ಬೋಳಾಯಿತು. ಒಂದು ಸಂಜೆ ಅವಳು ವಾಂತಿ ಮಾಡಿ ಸುಸ್ತಾಗಿ ಮಲಗಿದ್ದಾಗ, ಮಾಮಾ ಅವಳ ಕಾಲು ಒತ್ತುತ್ತಾ ಕುಳಿತಿದ್ದ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಇರಬೇಕು, "ಎಲ್ಲಿ ನೋಯಾಕತ್ತದ?" ಎಂದು ಕೇಳಿದ. ಅವಳು ಎಲ್ಲಿ ಎಂದು ಹೆಸರು ಹಿಡಿದು ಹೇಳಿದಳು. ನಾನು ಬಾಗಿಲ ಹೊರಗೆ ನಿಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟಿನಲ್ಲಿ, ಗಳಗಳ ಅತ್ತೆ.

ಅಕ್ಕ ಈಗ ಹುಷಾರಾಗಿದ್ದಾಳೆ. ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿದೆ. ಬಾಯಿಯಂತೂ ಅದಕ್ಕಿಂತ ಜೋರಾಗಿ ಬಂದಿದೆ! ಮಸರಕಲ್‌ನ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ಕುಳಿತ ಹೆಂಗಸರಿಗೆಲ್ಲ ಪಾಠ. ನೆನಪಿಗೆ ಸುಲಭ ಎಂದು ಅಮಾಸಿಯ ಮರುದಿನ ಗೊತ್ತು ಮಾಡಿದ್ದಾಳೆ. ಮುಟ್ಟಾಗುವವರಿಗೆ ಅವರವರ ಲೆಕ್ಕ. "ಪಾಡ್ಯಕ್ಕ ನೋಡ್ಕೊಂಡ್ರೇನು?" ಎಂದು ಬಾವಿಕಟ್ಟೆಯಲ್ಲಿ ಕೂಗಿ ಕೇಳುತ್ತಾಳಂತೆ. ಗಂಡಸರು ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರಂತೆ. ಸುತ್ತಲಿ.

ಇನ್ನು ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯ ಹೇಳಿಬಿಡುತ್ತೇನೆ. ವರದಿ ಬಂದ ದಿನವೇ ಡಾಕ್ಟರು ನನ್ನ ಕಡೆ ತಿರುಗಿ, "ನೀವು ಒಡಹುಟ್ಟಿದವರು, ನೀವೂ ಒಮ್ಮೆ ತೋರಿಸ್ಕೊಳ್ರಿ. ಮುಂದಿನ ವಾರ ಬರ್ರಿ" ಎಂದಿದ್ದರು. ಖಂಡಿತ ಎಂದಿದ್ದೆ. ಮುಂದಿನ ವಾರ ಪರೀಕ್ಷೆಯ ಮೇಲ್ವಿಚಾರಣೆ, ಅದರ ಮುಂದಿನ ವಾರ ಪೇಪರು ತಿದ್ದುವುದು, ಆಮೇಲೆ ತರಬೇತಿ, ಆಮೇಲೆ ಮಗಳ ದಾಖಲಾತಿ. ಹನ್ನೊಂದು ತಿಂಗಳು. ನಾಚಿಕೆಯಲ್ಲ, ಹೆದರಿಕೆ. ಊರಿಗೆಲ್ಲ ಬೈಯುತ್ತಾ ತಿರುಗಿದರೆ ಹೆದರಿಕೆಯ ದನಿ ಕೇಳಿಸುವುದಿಲ್ಲ.

ಹೋದ ತಿಂಗಳು ಅಕ್ಕ ಫೋನಿನಲ್ಲಿ "ನೀ ತೋರಿಸ್ಕೊಂಡಿಯಲ್ಲ?" ಎಂದಳು. "ಹ್ಞೂಂ" ಎಂದೆ. "ಎಂದು?" ಎಂದಳು. ಎರಡನೆಯ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬಂದಿಳಿದಳು. ಚಹಾ ಕೂಡ ಕುಡಿಯಲಿಲ್ಲ. ರಜೆ ಹಾಕಿಸಿ, ರೆಟ್ಟೆ ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ಪರೀಕ್ಷೆ, ಸ್ಕ್ಯಾನಿಂಗು ಎಲ್ಲ ಆಯಿತು, ಏನೂ ಇರಲಿಲ್ಲ. ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಡಾಕ್ಟರು, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ನನಗೆ ಗೊತ್ತಿರಬಹುದಲ್ಲ ಎಂದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಕುರ್ಚಿ ಮುಂದೆಳೆದುಕೊಂಡಳು.

"ಆಕಿ ಸೈನ್ಸ್ ಟೀಚರ್ ಅದಾಳ್ರೀ. ಆಕಿಗೆ ಒಂದೀಟು ಬಿಡಿಸಿ, ಸಾವಕಾಶ ಹೇಳ್ರಿ."