ಬೆನ್ನು ಬಿಡದ ಗಾಡಿ

ಚಿಂತಾಮಣಿಯ ಹುಣಸೆಹಣ್ಣಿನ ಗೋದಾಮಿಗೆ ತಾನೇ ಓಡಾಡುವ ಗಾಡಿ ಬಂದ ದಿನ ವೆಂಕಟರವಣಪ್ಪನ ಎದೆ ಪುಕಪುಕ ಅನ್ನತೊಡಗಿತು. ಯಾವ ಮೂಟೆ ಎಲ್ಲಿದೆ ಎಂದು ಇಪ್ಪತ್ತೆರಡು ವರ್ಷದಿಂದ ಬಲ್ಲವನು ಅವನೊಬ್ಬನೇ. ಈಗ ಇಂಜಿನಿಯರ್ ತನುಜ ಬೆಳಗಾಗುತ್ತಲೇ ಬಂದು, ಮೂಲೆಯಿಂದ ಶುರುಮಾಡಿ, ಮೂಟೆಮೂಟೆಗೂ ಚಿಪ್ ಇರುವ ಚೀಟಿ ಅಂಟಿಸುತ್ತಿದ್ದಳು. ಗಾಡಿ ಚೀಟಿಯ ಜಾಡು ಹಿಡಿದು ಹೋಗಿ ಮೂಟೆ ಎತ್ತಿಕೊಳ್ಳುತ್ತದಂತೆ. ಹಾಗಾದರೆ ತನ್ನ ಗತಿ? ಕೇಳಿದ್ದಕ್ಕೆ ಸಾಹುಕಾರ ಚನ್ನಕೇಶವ ಅವರು ಸಂಜೆ ಹೇಳುತ್ತೇನೆ ಎಂದಿದ್ದರು.

ಭಯ ಎಷ್ಟಿದ್ದರೂ ಗಾಡಿಯನ್ನು ಕಂಡು ಅವನು ಬೆರಗಾದ. ಎತ್ತಿಲ್ಲ, ಡ್ರೈವರಿಲ್ಲ, ಎದುರಿಗೆ ಜನ ಬಂದರೆ ಹೊಸ ಸೊಸೆಯ ಹಾಗೆ ಸರಿದು ನಿಲ್ಲುತ್ತದೆ! ಇಂಥದ್ದನ್ನು ಪೂಜೆಯಿಲ್ಲದೆ ಕೆಲಸಕ್ಕೆ ಹಚ್ಚುವುದುಂಟೇ? ಅರಿಶಿನ ಕುಂಕುಮ ಇಟ್ಟ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ, ಕಾಯಿ ಒಡೆದ. ನನ್ನ ಕೈಬಿಡಬೇಡಪ್ಪಾ ಎಂದು ಬೇಡಿಕೊಂಡ. ಆಮೇಲೆ ಯಾವತ್ತಿನ ಹಾಗೆ ಮೂಲೆಯ ಹಳೇ ಮೂಟೆಗಳಿಗೆ ಒರಗಿ ಕೂತು ಕಾಯಿಚೂರು ತಿಂದ.

ಎದ್ದು ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಗಾಡಿ ಹಿಂದೆಯೇ ಬಂತು. ನಿಂತರೆ ನಿಂತಿತು, ನಡೆದರೆ ನಡೆಯಿತು. ಕಕ್ಕಸಿಗೆ ಹೋದರೆ ಬಾಗಿಲಲ್ಲಿ ಕಾದು ನಿಂತಿತು. ಹಮಾಲಿ ನಲ್ಲಪ್ಪ ಹೊತ್ತ ಮೂಟೆ ಇಳಿಸಿ ಕೈಮುಗಿದ.

"ನಿನ್ ಪೂಜೆ ಒಪ್ಕೊಂಡೈತೆ ಕಣಣ್ಣ. ನಮ್ ಕಷ್ಟಾನೂ ಒಂದ್ ಮಾತು ಹೇಳು ಅದಕ್ಕೆ."

ಎದುರಿನ ಟೀ ಅಂಗಡಿಯ ಗಂಗುಲಪ್ಪ ಹೂವಿನ ಹಾರ ತಂದು ಅರ್ಚಕ ಯಾರು, ದೇವರು ಯಾರು ಎಂದು ತಿಳಿಯದೆ ವೆಂಕಟರವಣಪ್ಪನ ಕೊರಳಿಗೇ ಹಾಕಿದ. ಅವನು ಸಂಕೋಚದಿಂದ ಮೂಟೆ ಪೇರಿಸುವ ಹಲಗೆಯೊಂದರ ಮೇಲೆ ಕೂತ. ಗಾಡಿ ಹಲಗೆ ಸಮೇತ ಅವನನ್ನು ಎತ್ತಿಕೊಂಡು ಹಿಂದಿನ ಬಾಗಿಲಿನತ್ತ ಹೊರಟಿತು. ಜನ ಮೆರವಣಿಗೆ ಎಂದುಕೊಂಡು ಜೊತೆಯಲ್ಲಿ ನಡೆದರು.

ಗದ್ದಲ ಕೇಳಿ ಸಾಹುಕಾರರು ಓಡಿಬಂದರು. ತನುಜ ಗುಂಡಿ ಒತ್ತಿ ಗಾಡಿ ನಿಲ್ಲಿಸಿದಳು. ಸಾಹುಕಾರರು ಬಾಯಿ ತೆರೆದುಕೊಂಡೇ ಒಂದು ಸುತ್ತು ಬಂದರು.

"ಇದು ನಿನ್ನೇ ಹಚ್ಕೊಂಡೈತೆ ಅಂದ್ಮೇಲೆ ಇನ್ಯಾರಪ್ಪ ನೋಡ್ಕೊಳ್ಳೋದು? ನೀನೇ ಇರು."

ವೆಂಕಟರವಣಪ್ಪನ ಕಣ್ಣು ತುಂಬಿ ಬಂತು. ಇಳಿದು, ಬಗ್ಗಿ ಅವರ ಕಾಲು ಮುಟ್ಟಿದ. ಬಗ್ಗಿದ್ದೇ ತಪ್ಪಾಯಿತು. ತನುಜ ಅವನ ಬೆನ್ನಿನಿಂದ ಒಂದು ಚೀಟಿ ಕಿತ್ತಳು. ಸಾಹುಕಾರರು ಏನಿದೆ ಓದಮ್ಮ ಎಂದರು.

"ಹಳೇ ಸರಕು. ಉಪಯೋಗ ಇಲ್ಲ. ಇವತ್ತೇ ಹೊರಗೆ ಸಾಗಿಸೋದು."

ಸಾಹುಕಾರರು ಕೆಮ್ಮಿ, ಮುಖ ಆಚೆ ತಿರುಗಿಸಿದರು.

"ನಾನೇ ಸಂಜೆ ಹೇಳಣ ಅಂತಿದ್ದೆ ಕಣಪ್ಪ."

ಕೊರಳಲ್ಲಿ ಹಾರ ಹಾಗೇ ಇತ್ತು. ವೆಂಕಟರವಣಪ್ಪ ಗಾಡಿಯ ಕಡೆ ತಿರುಗಿ ಇನ್ನೊಂದು ಸಲ ಕೈಮುಗಿದ. ಸಾಹುಕಾರರ ಮನಸ್ಸಿನಲ್ಲಿದ್ದದ್ದು ಇದಕ್ಕೆ ಬೆಳಗ್ಗೆಯೇ ತಿಳಿದುಹೋಗಿತ್ತಲ್ಲ!