ಮುಖ ತೋರಿಸದ ಸಾಕ್ಷಿಯೂ ನಮ್ಮ ಕ್ಯಾಮೆರಾವೂ

ಪತ್ರಿಕೆಗೆ ಬರೆಯುತ್ತಿದ್ದಾಗ ವರದಿ ಅಚ್ಚಾದ ಬೆಳಿಗ್ಗೆ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ವರದಿಯನ್ನು ಸಾಕ್ಷ್ಯಚಿತ್ರ ಮಾಡಲು ಹೊರಟ ಮೇಲೆ ದಿನಾ ಹೊಡೆದುಕೊಳ್ಳತೊಡಗಿತು. ಒಂದು ಮಾತ್ರ ನಿಜ, ನಾವು ಹೆದರಿ ಸಾಯುವಾಗಲೇ ನಗುವಂಥದ್ದೆಲ್ಲ ನಡೆಯುವುದು.

ಎರಡು ಸಾವಿರದ ಆಸುಪಾಸಿನ ಮಾತು. ಗರುಡಾಚಾರ್‌ಪಾಳ್ಯದ ಕಡೆ ಒಂದು ಕೆರೆಗೆ ಮಣ್ಣು ತುಂಬಿ ಸೈಟು ಮಾಡಿದ್ದರ ಬಗ್ಗೆ ಸರಣಿ ವರದಿ ಬರೆದಿದ್ದೆ. ಅದರಲ್ಲಿ ಇದ್ದಬದ್ದದ್ದೆಲ್ಲ ಹೇಳಿದವರು ‘ಹೆಸರು ಹೇಳಲಿಚ್ಛಿಸದ ಗ್ರಾಮಸ್ಥರೊಬ್ಬರು’. ಶಿವಾಜಿನಗರದ ನಮ್ಮ ಕ್ಯಾಮೆರಾಮನ್ ವರದಿ ಓದಿಸಿಕೊಂಡು ಕೇಳಿದ ಮೊದಲ ಪ್ರಶ್ನೆ: “ಈ ಹೆಸರು ಹೇಳದೋರನ್ನ ಎಲ್ಲಿ ಕೂರ್ಸೋದು ಸಾರ್?”

೧. ಕಾವಲುಗಾರನ ಸಹಾಯ

ಲೇಔಟಿನ ಬಾಗಿಲಲ್ಲಿ ‘ಲೇಕ್ ವ್ಯೂ’ ಎಂಬ ದೊಡ್ಡ ಬೋರ್ಡಿತ್ತು. ಲೇಕು ಬೋರ್ಡಿನ ಅಡಿಯಲ್ಲೇ ಇತ್ತು. ಪರದೆ ಕಟ್ಟಿದ ಮಾರುತಿ ವ್ಯಾನಿನೊಳಗಿಂದ ಕದ್ದು ಚಿತ್ರೀಕರಿಸುತ್ತಿದ್ದೆವು. ಕೋಲು ಹಿಡಿದ ಕಾವಲುಗಾರ ನೇರವಾಗಿ ನಮ್ಮತ್ತಲೇ ಬಂದ.

“ಓನರ್ ಜಾಹೀರಾತಾ ಸಾರ್?” ಎಂದ.

ನನ್ನ ತಲೆ ತಾನಾಗಿಯೇ ಅಲ್ಲಾಡಿತು. ಹೌದು ಎಂದಿತೋ ಅಲ್ಲ ಎಂದಿತೋ ನನಗೇ ತಿಳಿಯದು. ಅವನು ಅಡ್ಡ ನಿಂತಿದ್ದ ಎಮ್ಮೆಗಳನ್ನು ಓಡಿಸಿದ, ಹೆಗಲ ಟವೆಲಿನಿಂದ ಬೋರ್ಡು ಒರೆಸಿದ. ಆಮೇಲೆ ವ್ಯಾನಿನೊಳಗೆ ತಲೆ ಹಾಕಿ ಮೆಲ್ಲಗೆ ಹೇಳಿದ: “ಆ ಮೂಲೇಲಿ ಇನ್ನೂ ಕೆರೆ ನೀರು ಉಕ್ತಾ ಇದೆ. ಅದನ್ನೊಂದು ತೆಗೀಬೇಡಿ ಸಾರ್, ಸೈಟ್ ತಗೊಳ್ಳೋರು ಓಡೋಗ್ತಾರೆ.”

ನಾವು ಹುಡುಕುತ್ತಿದ್ದದ್ದು ಆ ಮೂಲೆಯನ್ನೇ.

೨. ಗುಟ್ಟಿನ ಸಂದರ್ಶನ

ಹೆಸರು ಹೇಳದ ಆ ಗ್ರಾಮಸ್ಥರನ್ನು ನಾವು ಯಜಮಾನರು ಎನ್ನುತ್ತಿದ್ದೆವು. ಅವರ ಭಯ ಸುಳ್ಳಲ್ಲ. ಲೇಔಟಿನ ಮಾಲೀಕರ ತಮ್ಮನ ಮಗನಿಗೇ ಇವರ ಮಗಳನ್ನು ಕೊಟ್ಟಿತ್ತು. “ನಾನು ಹೇಳಿದ್ದು ಅಂತ ಗೊತ್ತಾದ್ರೆ ನನ್ ಮಗಳು ಆ ಮನೇಲಿ ಬಾಳೋದು ಹೆಂಗೆ?” ಎಂದರು. ಯಾರಿಗೂ ಗುರುತು ಸಿಗುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನನಗೆ ನೆಟ್ಟಗೆ ಊಟ ಸೇರಲಿಲ್ಲ.

ಚಿತ್ರೀಕರಣಕ್ಕೆ ಹೋದರೆ ಜಗಲಿಯ ತುಂಬ ಜನ, ಕಾಫಿ ಸಮಾರಾಧನೆ.

“ಯಾರಿಗೂ ಗೊತ್ತಾಗಬಾರದು ಅಂದಿದ್ರಲ್ಲ ಯಜಮಾನ್ರೇ?”

“ಇವರೆಲ್ಲ ನಮ್ಮೋರೇ ಬಿಡಿ. ಮುಖ ಹೆಂಗೆ ಮುಚ್ತೀರಾ ಅಂತ ನೋಡಕ್ಕೆ ಬಂದವ್ರೆ.”

ಕಿಟಕಿ ಅವರ ಬೆನ್ನಿಗೆ ಬರುವಂತೆ ಒಂದು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಬರೀ ಕಪ್ಪು ಆಕಾರ ಕಾಣುವಂತೆ ಮಾಡಿದೆವು. ಅವರ ಹೆಂಡತಿ ನಮ್ಮ ಪುಟ್ಟ ಟಿ.ವಿ.ಯಲ್ಲಿ ಅದನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. “ಹೊಸ ಷರ್ಟ್ ಹಾಕ್ಸಿದೀನಿ ಕಣಪ್ಪ. ಕುತ್ತಿಗೆಯಿಂದ ಕೆಳಗಾದ್ರೂ ಬೆಳಕು ಬಿಡಿ.”

೩. ಗುಲಾಬಿಯೊಳಗಿನ ಯಜಮಾನರು

ನಮಗೆ ನಿಲುಕಿದ್ದು ಇಂದಿರಾನಗರದ ಒಂದು ಎಡಿಟಿಂಗ್ ಸ್ಟುಡಿಯೋ. ಅದು ಬದುಕಿದ್ದು ಮದುವೆ ವೀಡಿಯೋಗಳಿಂದ. ಮಾತಿನ ಭರದಲ್ಲಿ ಯಜಮಾನರು ಒಂದು ಕಡೆ ತಿರುಗಿಬಿಟ್ಟು ಅರ್ಧ ಮುಖ ಕಾಣುತ್ತಿತ್ತು. ಅದನ್ನು ಮುಚ್ಚಿ ಎಂದೆ.

“ಹಾರ್ಟ್ ಇದೆ ಸಾರ್, ಗುಲಾಬಿ ಇದೆ, ವೀಳ್ಯದೆಲೆ ಇದೆ. ಯಾವುದು ಹಾಕ್ಲಿ?” ಎಂದರು ಎಡಿಟರು.

ಗುಲಾಬಿ ಹಾಕಿ ನೋಡಿದೆವು. ಅರಳಿದ ಹೂವಿನೊಳಗಿಂದ “ಕೆರೇನ ನುಂಗಿ ನೀರು ಕುಡುದ್ರು” ಎಂಬ ಮಾತು ಬಂತು. ಆ ತುಂಡನ್ನೇ ಕತ್ತರಿಸಿದೆವು. ದನಿಯನ್ನು ಮಾತ್ರ ಅವರು ಚೆನ್ನಾಗಿ ದಪ್ಪ ಮಾಡಿಕೊಟ್ಟರು, ಯಜಮಾನರಿಗೇ ಕೇಳಿಸಿದಾಗ “ಯಾರಿದು, ಸರಿಯಾಗಿ ಹೇಳ್ತವ್ನೆ” ಎಂದರು.

೪. ಮೊದಲ ಪ್ರದರ್ಶನ

ಹಲಸೂರಿನ ಸಣ್ಣ ಸಭಾಂಗಣ. ನಾನು ಕರೆಯದಿದ್ದರೂ ಲೇಔಟಿನ ಮಾಲೀಕರು ಮನೆಮಂದಿಯೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಬರಬೇಡಿ ಎಂದು ಕೈಮುಗಿದು ಹೇಳಿದ್ದರೂ ಯಜಮಾನರು ಬಂದು ಹಿಂದೆ ಕೂತರು.

ತೆರೆಯ ಮೇಲೆ ಕಪ್ಪು ಆಕಾರ ಬಂತು. ಮುಖವಿಲ್ಲ, ದನಿಯೂ ಬೇರೆ. ಸದ್ಯ, ಬದುಕಿದೆ ಎಂದುಕೊಂಡೆ. ಆದರೆ ಹಿಂದಿನ ಬೆಳಕಿಗೆ ಕುರ್ಚಿಯ ಬೆನ್ನಿನ ಜೋಡಿ ನವಿಲು ಕೆತ್ತನೆ ಎದ್ದು ಕಾಣುತ್ತಿತ್ತು. ಅದನ್ನು ಆವರೆಗೆ ನಾನೇ ಗಮನಿಸಿರಲಿಲ್ಲ.

ಮಾಲೀಕರು ಗಮನಿಸಿದರು. ಕತ್ತಲಲ್ಲೇ ಹಿಂದೆ ತಿರುಗಿ ಕೂಗಿದರು: “ಬೀಗರೇ, ಅದು ನಮ್ಮನೆ ಕುರ್ಚಿ ಅಲ್ವಾ? ಮೊಮ್ಮಗನ ನಾಮಕರಣಕ್ಕೆ ಅಂತ ತಗೊಂಡೋದೋರು ಇನ್ನೂ ವಾಪಸ್ ಕಳ್ಸೇ ಇಲ್ಲ.”

ಕೊಟ್ಟ ಮಾತು ಮಣ್ಣುಪಾಲಾಯಿತು, ಆ ಹೆಣ್ಣುಮಗಳ ಬಾಳು ಹಾಳು ಮಾಡಿದೆ ಎಂದು ನನಗೆ ಅಳುವೇ ಬಂತು. ಯಜಮಾನರು ಎದ್ದು ನಿಂತರು. ಪ್ರೊಜೆಕ್ಟರಿನ ಬೆಳಕೆಲ್ಲ ಅವರ ಮುಖದ ಮೇಲೆ.

“ನೀವು ಕೆರೆ ವಾಪಸ್ ಕೊಡಿ ಬೀಗರೇ,” ಎಂದರು ತಮ್ಮದೇ ದನಿಯಲ್ಲಿ. “ಸಾಯಂಕಾಲಕ್ಕೇ ಕುರ್ಚಿ ಕಳಿಸ್ತೀನಿ.”

ಮೊದಲು ನಕ್ಕವಳು ಮಾಲೀಕರ ಪಕ್ಕದಲ್ಲೇ ಕೂತಿದ್ದ ಯಜಮಾನರ ಮಗಳು. ಅವಳು ನಕ್ಕ ಮೇಲೆ ಇಡೀ ಸಭೆ ನಕ್ಕಿತು. ಮಾಲೀಕರು ತೆರೆಯತ್ತ ತಿರುಗಿದರು.

ಕ್ಯಾಮೆರಾಮನ್ ನನ್ನ ಕಿವಿಯ ಹತ್ತಿರ ಬಗ್ಗಿದ. “ಸಾರ್, ಕ್ಯಾಮೆರಾ ಬ್ಯಾಗಲ್ಲೇ ಇತ್ತು. ಯಜಮಾನ್ರನ್ನ ಒನ್ ಮೋರ್ ಟೇಕ್ ಕೇಳ್ಲಾ?”